ಅಜ್ಜಾವರದ ಕತ್ತಲು, ಕಾರಿನೊಳಗಿನ ಬೆಳಕು

ಸುಳ್ಯ ಪೇಟೆಯ ದೀಪಗಳು ಹಿಂದೆ ಸರಿದು, ಪಯಸ್ವಿನಿ ದಾಟಿ ಅಜ್ಜಾವರದ ದಾರಿ ಹಿಡಿದರೆ ಕತ್ತಲು ಒಮ್ಮೆಲೇ ಮುತ್ತಿಕೊಳ್ಳುತ್ತದೆ. ಅಡಿಕೆ ತೋಟ, ರಬ್ಬರು, ಆಚೆ ಕೇರಳದ ಗಡಿಯ ಕಾಡು. ಆನೆ ಇಲ್ಲಿ ಬರೀ ಕತೆಯ ಪ್ರಾಣಿಯಲ್ಲ. 2023ರ ಏಪ್ರಿಲ್‌ನಲ್ಲಿ ಮರಿಗಳ ಸಮೇತ ನಾಲ್ಕು ಆನೆಗಳು ಇದೇ ಊರಿನ ತೋಟದ ಕೆರೆಗೆ ಬಿದ್ದಿದ್ದವು. ಅರಣ್ಯ ಇಲಾಖೆಯವರೂ ಊರವರೂ ಸೇರಿ ದಡ ಹತ್ತಿಸಿದರು.

ತಿರುವಿನಲ್ಲಿ ನಿಂತ ಆನೆಯ ಬೂದು ಮೈ ಕತ್ತಲಲ್ಲೇ ಬೆರೆತುಹೋಗುತ್ತದೆ. ಅದರ ಮೇಲೆ ಕಾರಿನೊಳಗಿನ ಪುಟ್ಟ ಸ್ವಿಚ್ಚು ದೀಪ ಕಣ್ಣು ಕುಕ್ಕಿದರೆ? ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಆ ಹೊಂದಿಕೆ ಕೆಡಲು ಕ್ಷಣ ಸಾಕು. ಹಳೆಯ ಕಾರುಗಳಲ್ಲಿ ಮೀಟರಿನ ಬೆಳಕು ತಗ್ಗಿಸುವ ಗುಂಡಿ ಇದ್ದರೂ ಸ್ವಿಚ್ಚಿನ ದೀಪ ಹಲವು ಬಾರಿ ಅದರ ಹಿಡಿತಕ್ಕೆ ಸಿಗದು. ಬಲ್ಬು ಸುಟ್ಟಾಗ ಯಾರೋ ನೀಲಿ ಎಲ್‌ಇಡಿ ಹಾಕಿದ್ದರಂತೂ ಗಾಜಿನಲ್ಲೆಲ್ಲ ಅದರದೇ ಪ್ರತಿಬಿಂಬ!

ಮಕ್ಕಳು ಇದನ್ನು ಅಂಗಳದಲ್ಲೇ ಪರೀಕ್ಷಿಸಬಹುದು. ರಾತ್ರಿ, ನಿಂತ ಕಾರಿನಲ್ಲಿ ಅಪ್ಪನ ಪಕ್ಕ ಕುಳಿತು ಸ್ವಿಚ್ಚಿನ ದೀಪವನ್ನು ಬೆರಳಿನಿಂದ ಮುಚ್ಚಿ, ತೆಗೆದು, ಗಾಜಿನಾಚೆಯ ಅಡಿಕೆ ಮರ ನೋಡಲಿ.

ಚಿಕಿತ್ಸೆ ದುಬಾರಿಯಲ್ಲ. ಕರಿ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ ನಡುವೆ ಸೂಜಿಯಿಂದ ತೂತು ಮಾಡಿದರೆ ಸ್ವಿಚ್ಚು ಎಲ್ಲಿದೆಯೆಂದು ತಿಳಿಯುವಷ್ಟು ಬೆಳಕು ಉಳಿಯುತ್ತದೆ. ಬಲ್ಬನ್ನೇ ಬದಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಎಲ್‌ಇಡಿ ಬದಲು ಕಾರಿಗೆ ಮೊದಲಿದ್ದಂಥ ತಂತುವಿನ ಬಲ್ಬನ್ನೇ ಹಾಕಿಸುವುದು ಲೇಸು. ಎಣ್ಣೆ, ಬ್ಯಾಟರಿ, ಬ್ರೇಕು, ಹೈಬೀಮಿನ ಸೂಚಕ ದೀಪಗಳಿಗೆ ಮಾತ್ರ ಟೇಪು ತಾಗಿಸಕೂಡದು.