ಗುಡ್ಡದ ಮೇಲಿನ ಗುಂಡರ್ಟ್ ಮನೆ

ಮಂಗಳೂರಿನ ಅಕ್ಕನ ಮನೆಗೆ ಹೋದಾಗಲೆಲ್ಲ ಕಡಲು, ದೇವಸ್ಥಾನ, ಐಸ್‌ಕ್ರೀಂ, ಅಷ್ಟೇ. ಈ ಸಲ ಭಾವ, "ತಲಶ್ಶೇರಿಗೆ ಹೋಗಿಬರೋಣ. ರೈಲಿನಲ್ಲಿ ಮೂರು ಗಂಟೆ. ಅಲ್ಲೊಂದು ಹಳೇ ಮನೆ ಇದೆ" ಅಂದರು. "ಹಳೇ ಮನೆ ನೋಡೋಕೆ ಅಷ್ಟು ದೂರ ಯಾಕೆ ಭಾವ? ನಮ್ಮ ಊರಲ್ಲೇ ಒಂದು ಬೀಗ ಹಾಕ್ಕೊಂಡು ಕೂತಿದೆಯಲ್ಲ!" ಅಂತ ನಕ್ಕುಬಿಟ್ಟೆ. ಇವರು ಮಾತ್ರ ನಗಲಿಲ್ಲ. ನಾಲ್ಕು ವರ್ಷದಿಂದ ಬೀಗ ಬಿದ್ದಿರುವುದು ಇವರು ಹುಟ್ಟಿದ ಮನೆ.

ತಲಶ್ಶೇರಿ ಪೇಟೆಯಿಂದ ಆಟೋದಲ್ಲಿ ಇಲ್ಲಿಕ್ಕುನ್ನಿಗೆ ಹೋದೆವು. ಕುನ್ನು ಅಂದರೆ ಗುಡ್ಡ. ಮೇಲೆ ಹೆಂಚಿನ ಮಾಡು, ಅಗಲ ಜಗಲಿಯ ಬಂಗಲೆ. ಸ್ಟ್ರೇಂಜ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಇದನ್ನು ಬಾಸೆಲ್ ಮಿಷನ್ನಿಗೆ ಬಿಟ್ಟುಕೊಟ್ಟರು. 1839ರಲ್ಲಿ ಜರ್ಮನಿಯ ಪಾದ್ರಿ ಹರ್ಮನ್ ಗುಂಡರ್ಟ್ ಹೆಂಡತಿ ಜೂಲಿಯೊಡನೆ ಬಂದು ನೆಲೆಸಿದರು. ನಮಗೆ ಕಿಟ್ಟೆಲ್ ಹೇಗೋ ಮಲಯಾಳಿಗಳಿಗೆ ಗುಂಡರ್ಟ್ ಹಾಗೆ. 1847ರಲ್ಲಿ 'ರಾಜ್ಯಸಮಾಚಾರಂ' ಎಂಬ ಮಲಯಾಳದ ಮೊದಲ ಪತ್ರಿಕೆ ಹೊರಟಿದ್ದು ಈ ಗುಡ್ಡದಿಂದಲೇ. 1872ರಲ್ಲಿ ಅವರ ನಿಘಂಟು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ!

ಮನೆಗೆ ಹೆಸರು ಗುಂಡರ್ಟರದು. ಆದರೆ ಜೂಲಿ ಸುಮ್ಮನೆ ಅಡಿಗೆಮನೆಯಲ್ಲಿ ಕೂತವರಲ್ಲ. ಊರಿನ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು. ಹೆಣ್ಣಿಗೆ ಅಕ್ಷರ ಯಾಕೆ ಅನ್ನುತ್ತಿದ್ದ ಕಾಲ ಅದು. 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದ ಮಗಳು ಮೇರಿಯನ್ನು ಮಾತ್ರ ಎಳವೆಯಲ್ಲೇ ಯುರೋಪಿನಲ್ಲಿ ಬಿಟ್ಟುಬರಬೇಕಾಯಿತು. ಮಗಳು ಮರಳಿ ಭಾರತಕ್ಕೆ ಬಂದದ್ದು 1857ರಲ್ಲಿ. ಊರ ಮಕ್ಕಳಿಗೆ ಪಾಠ ಹೇಳುವಾಗ ಆ ತಾಯಿಯ ಹೊಟ್ಟೆಯಲ್ಲಿ ಏನಾಗುತ್ತಿತ್ತೋ! ಮುಂದೆ ಅದೇ ಮೇರಿಯ ಮಗ ಹರ್ಮನ್ ಹೆಸ್ಸೆ 'ಸಿದ್ಧಾರ್ಥ' ಬರೆದರು, 1946ರಲ್ಲಿ ನೊಬೆಲ್ ಪಡೆದರು.

ಗುಂಡರ್ಟ್ 1859ರಲ್ಲಿ ಕಾಯಿಲೆಯಿಂದ ಸ್ವದೇಶಕ್ಕೆ ಮರಳಿದರು. ಸ್ವಾತಂತ್ರ್ಯ ಬಂದ ಮೇಲೆ ಇದೇ ಆವರಣದಲ್ಲಿ ನೆಟ್ಟೂರು ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಯಿತು. ಅಕ್ಷರ ತಿದ್ದಿದ ಜಾಗದಲ್ಲಿ ಹುಡುಗರು ಯಂತ್ರದ ಕೆಲಸ ಕಲಿತರು. ಈಗ ಬಂಗಲೆ ವಸ್ತುಸಂಗ್ರಹಾಲಯ.

ಜಗಲಿಯಲ್ಲಿ ಕುಳಿತು ಯೋಚಿಸಿದೆ. ಮನೆ ಹಳತಾದರೆ ಹಾಳಾಗುವುದಿಲ್ಲ, ಬಳಸದೆ ಬಿಟ್ಟರೆ ಹಾಳಾಗುತ್ತದೆ. ಇಲ್ಲಿ ಮಾಲೀಕರು ಬದಲಾದರು, ಕೆಲಸ ಬದಲಾಯಿತು, ಕಲಿಯುವವರು ಬರುವುದು ಮಾತ್ರ ನಿಲ್ಲಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಮೆಲ್ಲಗೆ ಕೇಳಿದೆ: "ರೀ, ಊರ ಮನೆ ಮಾರೋದು ಬೇಡ. ಮುಂದಿನ ಪಡಸಾಲೆ ಎಷ್ಟು ದೊಡ್ಡದಿದೆ! ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸ್ತೀನಿ, ಸಂಜೆ ಚಿಕ್ಕಮಕ್ಕಳಿಗೆ ಪಾಠ. ಆಗದೆ?"

ಇವರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಕಾಸರಗೋಡು ದಾಟಿದ ಮೇಲೆ, "ಹೆಂಚು ಮೊದಲು ಕೈಯಾಡಿಸಬೇಕು, ಮಳೆಗಾಲದೊಳಗೆ" ಅಂದರು.