ದುಡಿಯುವ ಕೈಗಳ ಶಿಲ್ಪವನ

ಕಾಸರಗೋಡಿನ ಬಳಿಯ ನಮ್ಮ ಮಧೂರಿನ ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಾಲಯದ ಮರದ ಕೆತ್ತನೆಗಳಲ್ಲಿ ರಾಮಾಯಣದ ಕಥೆಯಿದೆ. ನೋಡಿದವರೆಲ್ಲ ಕೊಂಡಾಡುತ್ತಾರೆ, ಉಳಿ ಹಿಡಿದು ಕೆತ್ತಿದ ಬಡಗಿಯನ್ನು ನೆನೆಯುವವರು ಅಪರೂಪ. ಅಂಥ ಶ್ರಮಿಕನೇ ಶಿಲ್ಪವಾಗಿ ನಿಂತಿರುವ ಸ್ಥಳವೊಂದನ್ನು ನಾವು ಈಚೆಗೆ ಸಕುಟುಂಬ ನೋಡಿ ಬಂದೆವು.

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಬಳಿ ಇರುವ ಉತ್ಸವ ರಾಕ್ ಗಾರ್ಡನ್ ಅದು. 2020ರಲ್ಲಿ ನಿಧನರಾದ ಕಲಾವಿದ ಟಿ.ಬಿ. ಸೊಲಬಕ್ಕನವರು ಅದರ ರೂವಾರಿ. ಉತ್ತರ ಕರ್ನಾಟಕದ ಹಳ್ಳಿಯ ಬಾಳು ಅಲ್ಲಿ ಆಳೆತ್ತರದ ನೂರಾರು ಶಿಲ್ಪಗಳಾಗಿದೆ. ರೈತ, ಕಮ್ಮಾರ, ಕುಂಬಾರ ಎಲ್ಲರೂ ತಮ್ಮ ತಮ್ಮ ಕಾಯಕದಲ್ಲಿ ಮಗ್ನರು. ಅಮೆರಿಕದ ಮಿಲ್ವಾಕಿಯಲ್ಲಿ 2007ರಲ್ಲಿ ತೆರೆದ ಗ್ರೋಮನ್ ಮ್ಯೂಸಿಯಂ ಕೂಡ ದುಡಿಯುವ ಮನುಷ್ಯನ ಚಿತ್ರ, ಶಿಲ್ಪಗಳಿಗೇ ಮೀಸಲಾಗಿದೆಯಂತೆ. ನಮಗೆ ಅಷ್ಟು ದೂರ ಹೋಗಬೇಕಾದುದಿಲ್ಲ.

ಕಮ್ಮಾರನ ಮುಂದೆ ನಿಂತು ನಮ್ಮ ಮೊಮ್ಮಗ, “ಅಜ್ಜಾ, ಕತ್ತಿ ಅಂಗಡಿಯಲ್ಲಿ ಸಿಗುವುದಲ್ಲವೇ?” ಎಂದ. ವ್ಯಾಪಾರಿಗಳ ಮನೆಯ ಮಕ್ಕಳಿಗೆ ಸರಕಿನ ದರ ಗೊತ್ತು, ಹುಟ್ಟು ಗೊತ್ತಿಲ್ಲ. ಭಗವಾನ್ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ನಾವೆಲ್ಲ ಬಲ್ಲೆವು. ವಾಣಿಜ್ಯ ಆ ಆರರಲ್ಲಿ ಒಂದು ಮಾತ್ರ. ಕೃಷಿ, ಶಿಲ್ಪಗಳು ನಿಂತ ದಿನ ನಮ್ಮ ಅಂಗಡಿಯ ಬಾಗಿಲೂ ಮುಚ್ಚಬೇಕು. ಮಾಲು ತಂದ ಕುಶಲಕರ್ಮಿಯನ್ನು ಬಾಕಿ ಹಣಕ್ಕಾಗಿ ನಾಲ್ಕು ಸಲ ಅಲೆದಾಡಿಸುವ ಮೊದಲು ಈ ಮಾತು ನೆನಪಿಗೆ ಬರಬೇಕು.

ಆ ದಾರಿಯಲ್ಲಿ ಪಯಣಿಸುವ ಬಂಧುಗಳು ಮಕ್ಕಳೊಡನೆ ಅರ್ಧ ದಿನ ಮೀಸಲಿಟ್ಟು ನೋಡಿ ಬರಲಿ. ಬಿಸಿಲು ಏರುವ ಮುನ್ನ ಹೋಗುವುದು ಉತ್ತಮ.