ಕಳವಾದ ನಿದ್ದೆ

ಊರು ಬಿಟ್ಟು ಬಂದವರ ನಡತೆ ಹಗಲಿಗಿಂತ ರಾತ್ರಿಯಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದನ್ನು ಒಪ್ಪಿಕೊಂಡರೆ, ಹಳೆಯ ಶಾಂಘೈಯ ವಿದೇಶೀಯರನ್ನೂ ಠಾಣೆಯ ಖಾರಿಯಾಚೆಗಿನ ಕಳವಾ ಎಂಬ ಊರಿನ ಕನ್ನಡಿಗರನ್ನೂ ಒಟ್ಟಿಗೆ ಇಟ್ಟು ನೋಡುವುದು ಮೇಲ್ನೋಟಕ್ಕೆ ತೋರುವಷ್ಟು ಅಸಂಗತವಲ್ಲ. 1842ರ ನಾನ್‌ಜಿಂಗ್ ಒಪ್ಪಂದದ ತರುವಾಯ ಶಾಂಘೈಯಲ್ಲಿ ಬೀಡುಬಿಟ್ಟ ಬ್ರಿಟಿಷರೂ ಅಮೆರಿಕನ್ನರೂ, ತಾವು ನಿಂತ ನೆಲದ ಕಾನೂನಿಗೆ ಒಳಪಡದೆ ಸ್ವದೇಶದ ನ್ಯಾಯಾಲಯಕ್ಕೆ ಮಾತ್ರ ಉತ್ತರಿಸುವ ವಿಶೇಷ ಹಕ್ಕನ್ನು 1943ರವರೆಗೂ ಅನುಭವಿಸಿದರು. ಮುಂಬಯಿಯಲ್ಲಿ ಹತ್ತಿ ಗಿರಣಿಗಳನ್ನು ನಡೆಸುತ್ತಿದ್ದ ಮನೆತನದ ವಿಕ್ಟರ್ ಸಸೂನ್ 1929ರಲ್ಲಿ ಅಲ್ಲಿ ಕ್ಯಾಥೆ ಹೋಟೆಲನ್ನು ತೆರೆದನು. 1933ರಲ್ಲಿ ಪ್ಯಾರಾಮೌಂಟ್ ಎಂಬ ನೃತ್ಯಮಂದಿರವೂ ಬಂದಿತು. ಆತಿಥೇಯರ ಕಾನೂನು ಮುಟ್ಟದ, ಸ್ವಂತ ಊರಿನವರ ಕಣ್ಣೂ ತಲುಪದ ಕಡೆ ಮನುಷ್ಯನು ಎಷ್ಟು ಸಲೀಸಾಗಿ ತಡರಾತ್ರಿಯವನಾಗುತ್ತಾನೆ ಎಂಬುದಕ್ಕೆ ಆ ನಗರವೇ ಸಾಕ್ಷಿ.

ಮುಂಬಯಿಗೆ ಬಂದ ತುಳುನಾಡಿನವರಿಗೆ ಇಂಥ ಯಾವ ಒಪ್ಪಂದದ ರಕ್ಷಣೆಯೂ ಇರಲಿಲ್ಲ. ಕೋಟೆ ಪ್ರದೇಶದ ಕ್ಯಾಂಟೀನುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆಯ ಮೇಲೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತು, ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿಕೊಂಡು ಮಲಗಿದ ಹುಡುಗರಿಗೆ ರಾತ್ರಿಯೆಂಬುದು ವಿಹಾರದ ಕಾಲವಾಗಿರದೆ ಎರಡನೆಯ ಪಾಳಿಯಾಗಿತ್ತು. ಅಲ್ಲದೆ ಅವರು ಊರಿನ ಕಣ್ಣನ್ನು ಜೊತೆಯಲ್ಲೇ ತಂದಿದ್ದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಎಸೋಸಿಯೇಶನ್ ಹುಟ್ಟಿಕೊಂಡ ನಗರದಲ್ಲಿ, ಯಾರ ಮಗ ಎಲ್ಲಿ ಕುಡಿದನೆಂಬ ಸುದ್ದಿ ಮನಿಯಾರ್ಡರಿಗಿಂತ ಮೊದಲೇ ಕಾರ್ಕಳವನ್ನೋ ಕುಂದಾಪುರವನ್ನೋ ತಲುಪಿದರೆ ಆಶ್ಚರ್ಯಪಡಬೇಕಾಗಿರಲಿಲ್ಲ.

ನಗರದಲ್ಲಿ ಬಾಡಿಗೆ ಏರಿದಂತೆ ಈ ಜನರಲ್ಲಿ ಅನೇಕರು ರೈಲುಹಳಿಯ ಗುಂಟ ಉತ್ತರಕ್ಕೂ ಪೂರ್ವಕ್ಕೂ ಸರಿದರು. ಕಳವಾ ಅಂಥ ಸರಿಯುವಿಕೆಯ ಒಂದು ತಂಗುದಾಣ. 1854ರಲ್ಲಿ ಠಾಣೆಯಿಂದ ಕಲ್ಯಾಣಕ್ಕೆ ವಿಸ್ತರಿಸಿದ ಹಳಿ ಖಾರಿಯನ್ನು ದಾಟಿದ ಕೂಡಲೇ ಸಿಗುವ ಈ ಊರಿನ ಬೆನ್ನಿಗೆ ಪಾರ್ಸಿಕ್ ಗುಡ್ಡವಿದೆ. ಆ ಗುಡ್ಡವನ್ನು ಸುಮಾರು 1.3 ಕಿಲೋಮೀಟರ್ ಕೊರೆದು 1916ರಲ್ಲಿ ಬಳಕೆಗೆ ತಂದ ಸುರಂಗದ ದೆಸೆಯಿಂದ, ವೇಗದ ಗಾಡಿಗಳು ಒಂದು ಶತಮಾನಕ್ಕೂ ಮಿಕ್ಕಿ ಕಳವಾವನ್ನು ಬದಿಗಿಟ್ಟು ಓಡಿದವು. ಊರಿನ ಪಾಲಿಗೆ ಉಳಿದದ್ದು ನಿಲ್ದಾಣನಿಲ್ದಾಣಕ್ಕೆ ನಿಲ್ಲುವ ಸ್ಲೋ ಲೋಕಲ್ ಮಾತ್ರ. ಮುಕುಂದ್ ಉಕ್ಕಿನ ಕಾರ್ಖಾನೆ, ಸೀಮೆನ್ಸ್, ಠಾಣೆ-ಬೇಲಾಪುರ ರಸ್ತೆಯ ಇತರ ಘಟಕಗಳು ಕೆಲಸಗಾರರನ್ನು ತಂದವು, ಅವರ ಚಹಾಕ್ಕೆ ಹೋಟೆಲುಗಳು ಬಂದವು. ಇಲ್ಲಿಯೇ ರೈಲ್ವೆಯ ಕಾರ್‌ಶೆಡ್ ಕೂಡ ಇದೆ. ಲೋಕಲ್ ಗಾಡಿಗಳು ರಾತ್ರಿ ತಂಗಿ ದುರಸ್ತಿ ಮಾಡಿಸಿಕೊಳ್ಳುವ ಈ ಕೊಟ್ಟಿಗೆಯ ಒಳಗೇ ಹೋಗಿ ಬೆಳಗಿನ ಗಾಡಿ ಹತ್ತುವುದು ಕಳವಾದವರ ಪ್ರಸಿದ್ಧ ಅಭ್ಯಾಸ; ಅದು ನಿಯಮಕ್ಕೆ ವಿರುದ್ಧವೆಂದು ತಿಳಿಯದವರು ಅಲ್ಲಿ ಯಾರೂ ಇದ್ದಂತಿಲ್ಲ.

ಮಹಾರಾಷ್ಟ್ರದ ರಾತ್ರಿಯ ಚರಿತ್ರೆಯಲ್ಲಿ ಕರಾವಳಿಯವರ ಪಾಲು ಪಾನನಿಷೇಧದ ಸಡಿಲಿಕೆಯಿಂದ ದೊಡ್ಡದಾಯಿತು. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಪ್ರಕಾರ ಕುಡಿಯುವವನು ಪರವಾನಗಿ ಹೊಂದಿರಬೇಕಾದ್ದರಿಂದ, ಅಂಥವನು ಕುಳಿತು ಕುಡಿಯಬಹುದಾದ ಕೋಣೆಗೆ ಪರ್ಮಿಟ್ ರೂಮ್ ಎಂಬ ಹೆಸರು ಬಿದ್ದಿತು. ಇಡ್ಲಿ ಮಾರುತ್ತಿದ್ದ ಎಷ್ಟೋ ಗಲ್ಲಾಗಳು ಕ್ರಮೇಣ ಆ ಕೋಣೆಯ ಗಲ್ಲಾಗಳಾದವು. ಅನಂತರ ಆರ್ಕೆಸ್ಟ್ರಾ, ಅನಂತರ ಡಾನ್ಸ್ ಬಾರ್. ಗಿರಾಕಿಯ ರಾತ್ರಿ ಎಷ್ಟು ರಂಗೇರಿದರೂ ಗಲ್ಲಾದ ಹಿಂದೆ ದೇವರ ಪಟಕ್ಕೆ ಹೂ ತಪ್ಪಲಿಲ್ಲ, ಶನಿವಾರದ ಶನಿಪೂಜೆಯೂ ತಪ್ಪಲಿಲ್ಲ. ಇದನ್ನು ಬೂಟಾಟಿಕೆಯೆನ್ನುವವರಿದ್ದಾರೆ, ದುಡಿಮೆಯನ್ನೂ ನಡತೆಯನ್ನೂ ಬೇರೆಬೇರೆ ಪೆಟ್ಟಿಗೆಯಲ್ಲಿಡುವ ವ್ಯಾಪಾರಿಯ ಶಿಸ್ತೆನ್ನುವುದು ಹೆಚ್ಚು ನ್ಯಾಯ.

ಇವರು ತಮಗಾಗಿಯೇ ಇರಿಸಿಕೊಂಡ ರಾತ್ರಿ ಯಕ್ಷಗಾನದ್ದು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಿಡುವಾದ ಕಲಾವಿದರು ಮುಂಬಯಿ, ಠಾಣೆ, ಡೊಂಬಿವಲಿಗಳ ಸಭಾಭವನಗಳಿಗೆ ಬರುತ್ತಾರೆ. ಬೆಳಗಿನವರೆಗೆ ಆಡಬೇಕಾದ ಪ್ರಸಂಗವನ್ನು ಇಲ್ಲಿ ಕಾಲಮಿತಿಗೆ ಇಳಿಸಬೇಕಾಗುತ್ತದೆ. ಲೋಕಲ್ ಗಾಡಿ ತಪ್ಪುವ ಭಯ ಇರುವಲ್ಲಿ ಭಾಗವತರೂ ಗಡಿಯಾರ ನೋಡುತ್ತಾರೆ.

2005ರಲ್ಲಿ ಸರ್ಕಾರ ಡಾನ್ಸ್ ಬಾರುಗಳನ್ನು ನಿಷೇಧಿಸಿತು. ತುಳು-ಕನ್ನಡಿಗರು ಹೆಚ್ಚಿನ ಸಂಖ್ಯೆಯಲ್ಲಿರುವ ಆಹಾರ್ ಎಂಬ ಹೋಟೆಲಿಗರ ಸಂಘಟನೆ ನ್ಯಾಯಾಲಯದ ಮೆಟ್ಟಿಲೇರಿತು. 2006ರಲ್ಲಿ ಉಚ್ಚ ನ್ಯಾಯಾಲಯದಲ್ಲೂ 2013ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲೂ ನಿಷೇಧ ಬಿದ್ದುಹೋಯಿತು. 2016ರ ಹೊಸ ಕಾನೂನಿನ ಹಲವು ನಿರ್ಬಂಧಗಳನ್ನು 2019ರ ಜನವರಿಯಲ್ಲಿ ತೆಗೆದುಹಾಕಿದ ಸರ್ವೋಚ್ಚ ನ್ಯಾಯಾಲಯ, ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆಯವರೆಗೆ ಎಂಬ ವೇಳೆಯನ್ನು ಎತ್ತಿಹಿಡಿಯಿತು. ಮಾಲೀಕರಿಗೆ ಈ ವೇಳೆ ರುಚಿಸದಿರುವುದು ಸಹಜ. ಆದರೆ ಲೆಕ್ಕ ಮುಗಿಸಿ, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟು ಕಳವಾಕ್ಕೆ ಮರಳಬೇಕಾದ ಮಾಣಿಗೆ, ನಡುರಾತ್ರಿಯ ನಂತರದ ಕೊನೆಯ ಸ್ಲೋ ಲೋಕಲ್ ಸಿಗುವ ಸಾಧ್ಯತೆ ಇರುವುದು ಆ ವೇಳೆಗೆ ಬಾಗಿಲು ಹಾಕಿದರೆ ಮಾತ್ರ.